ಅಕ್ಕನ ಕಣ್ಣು, ತಂಗಿಯ ಶಾಲೆ

ಒಂದು ಹಾಳೆಯಿಂದ ಮಾತು ಶುರುಮಾಡುತ್ತೇನೆ. 1883ರ ಡಿಸೆಂಬರ್ ತಿಂಗಳು. ಅಮೆರಿಕದ ಡಕೋಟ ಪ್ರಾಂತ್ಯದಲ್ಲಿ ಡಿ ಸ್ಮೆಟ್ ಎನ್ನುವ ಪುಟ್ಟ ಊರು. ರೈಲು ಹಾದಿ ಬಂತು ಎನ್ನುವ ಕಾರಣಕ್ಕೆ ಹುಟ್ಟಿದ ಊರದು. ಹುಟ್ಟಿ ಮೂರು ನಾಲ್ಕು ವರ್ಷವಾಗಿತ್ತು ಅಷ್ಟೆ. ಆ ಊರಿನ ಹುಡುಗಿಯೊಬ್ಬಳಿಗೆ ಶಾಲೆಗಳ ಮೇಲ್ವಿಚಾರಕರು ಪರೀಕ್ಷೆ ಮಾಡಿ ಒಂದು ಸರ್ಟಿಫಿಕೇಟು ಬರೆದುಕೊಟ್ಟರು. ಓದು, ಕಾಗುಣಿತ, ಬರವಣಿಗೆ, ಲೆಕ್ಕ, ಭೂಗೋಳ, ಇಂಗ್ಲಿಷ್ ವ್ಯಾಕರಣ, ಇತಿಹಾಸ, ಹೀಗೆ ಏಳು ವಿಷಯಗಳಲ್ಲಿ ಪರೀಕ್ಷೆ. ಸಿಕ್ಕಿದ್ದು ಮೂರನೆಯ ದರ್ಜೆ, ಎಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆ. ಅದರ ವಾಯಿದೆ ಹನ್ನೆರಡು ತಿಂಗಳು. ಅದನ್ನು ಹಿಡಿದುಕೊಂಡು ಅವಳು ಕೌಂಟಿಯ ಯಾವ ಹಳ್ಳಿಯಲ್ಲಾದರೂ ಮಕ್ಕಳಿಗೆ ಪಾಠ ಹೇಳಬಹುದಿತ್ತು.

ಆ ಹುಡುಗಿಗೆ ಆಗ ಹದಿನಾರು ವರ್ಷ. ಹೆಸರು ಲಾರಾ ಇಂಗಲ್ಸ್. ಮದುವೆಯಾದ ಮೇಲೆ ಲಾರಾ ಇಂಗಲ್ಸ್ ವೈಲ್ಡರ್. ಆಕೆಯ ಪುಸ್ತಕಗಳನ್ನು ಎಸ್. ಅನಂತನಾರಾಯಣ ಅವರು ಕನ್ನಡಕ್ಕೆ ತಂದಿರುವುದರಿಂದ ನಿಮ್ಮಲ್ಲಿ ಹಲವರು ಆ ಕಾಡಿನ ಮನೆಯನ್ನೂ ಹುಲ್ಲುಗಾವಲಿನ ಮನೆಯನ್ನೂ ಬಲ್ಲಿರಿ. ಅಪ್ಪನ ಪಿಟೀಲು, ಅಮ್ಮನ ಅಡುಗೆ, ಕಮಾನು ಬಂಡಿಯ ಪಯಣ ಎಲ್ಲವೂ ನೆನಪಿನಲ್ಲಿರಬಹುದು. ನಾನು ಇವತ್ತು ಹೇಳಹೊರಟಿರುವುದು ಆ ಮನೆಯ ಶಾಲೆಯ ಸಂಗತಿ. ಲಾರಾ ಟೀಚರ್ ಆಗಿದ್ದು ಒಟ್ಟು ಮೂರೇ ಮೂರು ಅವಧಿ; ಎಲ್ಲ ಕೂಡಿಸಿದರೂ ವರ್ಷ ತುಂಬುವುದಿಲ್ಲ. ಆ ಕೆಲಸ ಅವಳಿಗೆ ಇಷ್ಟವೂ ಇರಲಿಲ್ಲ. ಇಷ್ಟವಿಲ್ಲದ ಕೆಲಸಕ್ಕೆ ಯಾಕೆ ಹೋದಳು, ಯಾರಿಗಾಗಿ ಹೋದಳು ಎನ್ನುವುದು ನನ್ನನ್ನು ಬಹಳ ವರ್ಷಗಳಿಂದ ಹಿಡಿದಿಟ್ಟಿರುವ ವಿಷಯ. ನಾನೂ ಏಕೋಪಾಧ್ಯಾಯ ಶಾಲೆಯಲ್ಲಿ ಆರು ವರ್ಷ ಪಾಠ ಹೇಳಿದವಳು. ಹಾಗಾಗಿ ಆ ಸರ್ಟಿಫಿಕೇಟಿನ ಭಾರ ಎಷ್ಟಿರಬಹುದೆಂದು ನನಗೆ ಸ್ವಲ್ಪ ಅಂದಾಜು ಸಿಗುತ್ತದೆ.

ಆ ಮನೆಗೆ ಪಾಠ ಹೇಳುವ ಕೆಲಸ ಲಾರಾಳಿಂದ ಬಂದದ್ದಲ್ಲ, ಅವಳ ಅಮ್ಮನಿಂದ ಬಂದದ್ದು. ಅಮ್ಮ ಕ್ಯಾರೊಲೈನ್ ಹುಟ್ಟಿದ್ದು 1839ರಲ್ಲಿ, ವಿಸ್ಕಾನ್ಸಿನ್ ಸೀಮೆಯಲ್ಲಿ. ಐದು ವರ್ಷದ ಮಗುವಾಗಿದ್ದಾಗ ಅವಳ ತಂದೆ ಮಿಶಿಗನ್ ಸರೋವರದಲ್ಲಿ ಹಡಗು ಮುಳುಗಿ ತೀರಿಕೊಂಡರು. ಮನೆತುಂಬ ಮಕ್ಕಳು, ದುಡಿಯುವ ಗಂಡಸಿಲ್ಲ. ಅಂಥ ಮನೆಯಲ್ಲಿ ಬೆಳೆದ ಹುಡುಗಿ ಅಕ್ಷರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹದಿನಾರು ದಾಟುವ ಹೊತ್ತಿಗೆ ತಾನೇ ಹಳ್ಳಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. 1860ರಲ್ಲಿ ಚಾರ್ಲ್ಸ್ ಇಂಗಲ್ಸ್ ಜೊತೆ ಮದುವೆಯಾಯಿತು, ಶಾಲೆ ಬಿಟ್ಟಳು. ಆ ಕಾಲದ ರೂಢಿಯೇ ಅದು. ಆದರೆ ಶಾಲೆ ಅವಳನ್ನು ಬಿಡಲಿಲ್ಲ. ಮಣ್ಣಿನ ದಿಬ್ಬ ಕೊರೆದು ಮಾಡಿದ ಗುಹೆಯಂಥ ಮನೆಯಲ್ಲಿದ್ದಾಗಲೂ ಮಕ್ಕಳ ಮಾತು ಶುದ್ಧವಾಗಿರಬೇಕು, ತಲೆ ಬಾಚಿರಬೇಕು, ಪುಸ್ತಕ ಮಡಚದೆ ಓದಬೇಕು. ತನ್ನ ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ತನ್ನಂತೆ ಟೀಚರ್ ಆಗಬೇಕು ಎನ್ನುವುದು ಅವಳ ಜೀವದ ಆಸೆ.

ಚಾರ್ಲ್ಸ್ ಬೇರೆ ಬಗೆಯ ಮನುಷ್ಯ. ಅವನ ಕಾಲು ಒಂದು ಕಡೆ ನಿಲ್ಲದು. ಅಕ್ಕಪಕ್ಕದಲ್ಲಿ ನಾಲ್ಕು ಮನೆಯ ಹೊಗೆ ಕಂಡರೆ ಸಾಕು, ಅವನಿಗೆ ಪಶ್ಚಿಮದ ಕಡೆ ಮನಸ್ಸು ಎಳೆಯುತ್ತಿತ್ತು. ವಿಸ್ಕಾನ್ಸಿನ್ ಬಿಟ್ಟು ಕಾನ್ಸಸ್, ಅಲ್ಲಿಂದ ತಿರುಗಿ ವಿಸ್ಕಾನ್ಸಿನ್, ಆಮೇಲೆ ಮಿನೆಸೋಟ, ಅಯೋವ, ಮತ್ತೆ ಮಿನೆಸೋಟ, ಕೊನೆಗೆ ಡಕೋಟ. ಪ್ರತಿ ಸಲವೂ ಗಂಟುಮೂಟೆ ಕಟ್ಟಿ ಬಂಡಿಗೆ ಹೇರಿ, ಕಟ್ಟಿದ ಮನೆಯನ್ನು ಹಿಂದೆ ಬಿಟ್ಟು ನಡೆಯುವವಳು ಕ್ಯಾರೊಲೈನ್. ಮಕ್ಕಳ ಓದು ಹರಕು ಬಟ್ಟೆಯಾಯಿತು: ಇಲ್ಲಿ ಮೂರು ತಿಂಗಳು, ಅಲ್ಲಿ ಐದು ತಿಂಗಳು, ನಡುವೆ ಏನೂ ಇಲ್ಲ.

ಕಷ್ಟಗಳೂ ಬೆನ್ನುಬಿಡಲಿಲ್ಲ. ಮಿನೆಸೋಟದಲ್ಲಿ ಗೋಧಿ ತೆನೆಗಟ್ಟುವ ಹೊತ್ತಿಗೆ ಆಕಾಶವೇ ಕಪ್ಪಾಗುವಂತೆ ಮಿಡತೆಯ ಹಿಂಡು ಇಳಿಯಿತು. 1874ರಿಂದ ಒಂದರ ಮೇಲೊಂದು ವರ್ಷ ಇದೇ ಪಾಡು. ಬೆಳೆಯೂ ಹೋಯಿತು, ಸಾಲವೂ ಏರಿತು. 1875ರಲ್ಲಿ ಹುಟ್ಟಿದ ಒಬ್ಬನೇ ಗಂಡುಮಗು ಒಂಬತ್ತು ತಿಂಗಳಿಗೆ ತೀರಿಕೊಂಡಿತು. ಆ ದುಃಖ ಹೊತ್ತುಕೊಂಡೇ ಕುಟುಂಬ ಅಯೋವದ ಬರ್ ಓಕ್ ಎಂಬ ಊರಿಗೆ ಹೋಗಿ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತಿತು. ಲಾರಾ ತನ್ನ ಮಕ್ಕಳ ಪುಸ್ತಕಗಳಲ್ಲಿ ಈ ಎರಡನ್ನೂ ಬರೆಯಲಿಲ್ಲ. ಪುಟ್ಟ ತಮ್ಮನ ಸಾವನ್ನು ಮಕ್ಕಳಿಗೆ ಹೇಳಲು ಆ ಅಕ್ಕನಿಗೆ ಮನಸ್ಸು ಬಂದಿರಲಾರದು ಎಂದು ನಾನು ಅಂದುಕೊಂಡಿದ್ದೇನೆ.

ಟೀಚರ್ ಆಗಬೇಕಾಗಿದ್ದವಳು ಲಾರಾ ಅಲ್ಲ, ಅವಳಿಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಮೇರಿ. ಮೇರಿ ಓದಿನಲ್ಲಿ ಚುರುಕು, ಸ್ವಭಾವದಲ್ಲಿ ತಣ್ಣಗೆ. ಅಮ್ಮನ ಕನಸು ಅವಳ ಮೇಲೇ ನಿಂತಿತ್ತು. 1879ರಲ್ಲಿ, ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ, ವಾಲ್ನಟ್ ಗ್ರೋವ್ ಎಂಬಲ್ಲಿ ಭಾರಿ ಜ್ವರ ಬಂತು. ಜೀವ ಉಳಿಯಿತು, ಕಣ್ಣು ಹೋಯಿತು. ಪುಸ್ತಕದಲ್ಲಿ ಲಾರಾ ಇದನ್ನು ಸ್ಕಾರ್ಲೆಟ್ ಜ್ವರ ಎಂದು ಬರೆದಳು. ದಾಖಲೆಗಳನ್ನೆಲ್ಲ ನೋಡಿದ ವೈದ್ಯರು 2013ರಲ್ಲಿ, ಇದು ಮೆದುಳಿಗೂ ಅದರ ಪೊರೆಗೂ ತಗುಲಿದ ವೈರಸ್ ಸೋಂಕು ಇದ್ದಿರಬೇಕು ಎಂದು ತೀರ್ಮಾನಿಸಿದರು. ಹೆಸರು ಯಾವುದೇ ಇರಲಿ, ಮನೆಯೊಳಗೆ ಆದದ್ದು ಒಂದೇ. ಅಕ್ಕನ ಪಾಲಿನ ಕೆಲಸ ತಂಗಿಯ ಹೆಗಲಿಗೆ ಬಂತು. ಇನ್ನು ಮೇಲೆ ಅಕ್ಕನಿಗೆ ನೀನೇ ಕಣ್ಣು ಎಂದು ಅಪ್ಪ ಹೇಳಿದ. ಟೀಚರ್ ಆಗಬೇಕಾದವಳೂ ಈಗ ನೀನೇ ಎನ್ನುವುದು ಸ್ವಲ್ಪ ಕಾಲದ ನಂತರ ತಿಳಿಯಿತು.

ಕಣ್ಣಾಗುವುದು ಎಂದರೆ ಏನು? ಅವರು ಡಕೋಟಕ್ಕೆ ರೈಲಿನಲ್ಲಿ ಹೋಗುವಾಗ, ಡಬ್ಬಿಯೊಳಗಿನ ಪ್ರತಿಯೊಂದನ್ನೂ ಲಾರಾ ಅಕ್ಕನಿಗೆ ಬಾಯಲ್ಲಿ ಬಿಡಿಸಿ ಹೇಳುತ್ತಾಳೆ: ಆಸನದ ಬಟ್ಟೆಯ ಬಣ್ಣ, ಕಿಟಕಿಯಾಚೆ ಓಡುವ ತಂತಿ ಕಂಬ, ಎದುರು ಕೂತವರ ಟೋಪಿ. ಮೇರಿ ಸುಮ್ಮನೆ ಕೇಳುವವಳಲ್ಲ, ತಿದ್ದುವವಳು. ತಂಗಿ ಉಪಮೆ ಕಟ್ಟಿ ಹೇಳಿದರೆ, ಅದು ನಿಜವಾಗಿ ಹಾಗಿರಲಾರದು, ಕಂಡದ್ದನ್ನು ಕಂಡಂತೆ ಹೇಳು ಎನ್ನುತ್ತಾಳೆ. ಇಲ್ಲಿ ಯಾರು ಯಾರಿಗೆ ಪಾಠ ಹೇಳುತ್ತಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರಾತ್ರಿ ದೀಪದ ಮುಂದೆ ಲಾರಾ ತನ್ನ ಪಾಠವನ್ನು ಗಟ್ಟಿಯಾಗಿ ಓದುವಳು, ಮೇರಿ ಕೇಳಿಸಿಕೊಂಡು ಬಾಯಿಪಾಠ ಮಾಡುವಳು. ತಂಗಿಯ ಪುಸ್ತಕದಿಂದ ಅಕ್ಕನೂ ಓದುತ್ತಿದ್ದಳು.

ಡಕೋಟಕ್ಕೆ ಹೋದದ್ದು ಚಾರ್ಲ್ಸ್‌ಗೆ ರೈಲು ಹಾದಿಯ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದ್ದರಿಂದ. ಆಮೇಲೆ ಸರ್ಕಾರದ ಜಮೀನು. 1862ರ ಕಾನೂನಿನ ಪ್ರಕಾರ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ ಜಮೀನು ನಿಮ್ಮದು. ಇಲ್ಲಿ ಕ್ಯಾರೊಲೈನ್ ಕಾಲೂರಿ ನಿಂತಳು. ಗಂಡನಿಗೆ ಇನ್ನೂ ಪಶ್ಚಿಮಕ್ಕೆ, ಆರೆಗಾನ್ ಕಡೆಗೆ ಹೋಗುವ ಆಸೆ. ಮಕ್ಕಳಿಗೆ ಶಾಲೆ ಇರುವ ಕಡೆ ನಿಲ್ಲುತ್ತೇವೆಂದು ಮಾತು ಕೊಟ್ಟಿದ್ದೀರಿ ಎಂದು ಅವಳು ಹಿಡಿದ ಹಟ ಬಿಡಲಿಲ್ಲ. ಅಲೆದಾಟ ಅಲ್ಲಿಗೆ ನಿಂತಿತು. ಇಪ್ಪತ್ತು ವರ್ಷ ಗಂಡನ ಹಿಂದೆ ನಡೆದ ಹೆಂಗಸು ಒಂದೇ ಒಂದು ಸಲ ಬೇಡ ಎಂದಳು. ಅದು ಶಾಲೆಗಾಗಿ.

1880ರ ಅಕ್ಟೋಬರಿನಿಂದ ಮುಂದಿನ ವರ್ಷದ ಏಪ್ರಿಲ್‌ವರೆಗೆ ಹಿಡಿದ ಚಳಿಗಾಲವನ್ನು ಆ ಸೀಮೆಯವರು ಇಂದಿಗೂ ನೆನೆಯುತ್ತಾರೆ. ಹಿಮ ಬಿದ್ದು ರೈಲು ನಿಂತಿತು. ಜನವರಿಯಿಂದ ಮುಂದೆ ಡಿ ಸ್ಮೆಟ್ಟಿಗೆ ಕಲ್ಲಿದ್ದಲೂ ಬರಲಿಲ್ಲ, ಹಿಟ್ಟೂ ಬರಲಿಲ್ಲ. ಒಣಹುಲ್ಲನ್ನು ಹಗ್ಗದಂತೆ ಹೊಸೆದು ಒಲೆಗೆ ಹಾಕಿದರು. ಕಾಫಿ ಬೀಜ ಪುಡಿಮಾಡುವ ಪುಟ್ಟ ಮಿಲ್ಲಿನಲ್ಲಿ ಗೋಧಿ ಬೀಸಿ ರೊಟ್ಟಿ ಮಾಡಿದರು. ಕಣ್ಣು ಕಾಣದ ಮೇರಿಯೂ ಸರದಿಯ ಮೇಲೆ ಆ ಮಿಲ್ಲಿನ ಹಿಡಿ ತಿರುಗಿಸಿದಳು. ಸೌದೆ ಕಲ್ಲಿದ್ದಲಿಲ್ಲದೆ ಶಾಲೆ ಮುಚ್ಚಿತು, ಓದು ಮನೆಯೊಳಗೆ ನಡೆಯಿತು.

ಆ ಚಳಿಗಾಲ ದಾಟಿದ ವರ್ಷವೇ, 1881ರ ನವೆಂಬರ್‌ನಲ್ಲಿ, ಅಪ್ಪ ಅಮ್ಮ ಮೇರಿಯನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಅಯೋವದ ವಿಂಟನ್ ಊರಿನ ಅಂಧರ ಶಾಲೆಗೆ ಸೇರಿಸಿದರು. ಡಕೋಟದಲ್ಲಿ ಅಂಥ ಶಾಲೆಯೇ ಇರಲಿಲ್ಲ, ಹಾಗಾಗಿ ಕಲಿಕೆಯ ಶುಲ್ಕವನ್ನು ಪ್ರಾಂತ್ಯದ ಸರ್ಕಾರವೇ ಕೊಟ್ಟಿತು. ಬಟ್ಟೆಬರೆ, ರೈಲಿನ ಖರ್ಚು, ಕೈಖರ್ಚು ಮನೆಯವರದು. ಗೋಧಿ ಬೆಳೆದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಮನೆಗೆ ಅದೇ ದೊಡ್ಡ ಮೊತ್ತ. ಪುಸ್ತಕದಲ್ಲಿ ಲಾರಾ ಊರಿನ ಅಂಗಡಿಯೊಂದರಲ್ಲಿ ಅಂಗಿ ಹೊಲಿಯಲು ಕೂರುತ್ತಾಳೆ. ದಿನಕ್ಕೆ 25 ಸೆಂಟು. ವಾರಕ್ಕೆ ಒಂದೂವರೆ ಡಾಲರ್. ಆರು ವಾರ ಬೆನ್ನು ಬಗ್ಗಿಸಿ ಹೊಲಿದು ತಂದ 9 ಡಾಲರನ್ನು ಅಮ್ಮನ ಕೈಗೆ ಇಟ್ಟಳು.

ಈಗ ಶಾಲೆಯ ಸಂಬಳ ಕೇಳಿ. ತಿಂಗಳಿಗೆ 20 ಡಾಲರ್. ಎರಡು ತಿಂಗಳ ಶಾಲೆ, 40 ಡಾಲರ್. ಹೊಲಿಗೆಯಲ್ಲಿ ಅರ್ಧ ವರ್ಷಕ್ಕೂ ಹೆಚ್ಚು ಕೂತರೆ ಸಿಗುವ ಹಣ ಇದು. ಹದಿನಾರರ ಹುಡುಗಿಯನ್ನು ಅಷ್ಟು ಚಳಿಯಲ್ಲಿ, ಮನೆಯಿಂದ 12 ಮೈಲಿ ದೂರಕ್ಕೆ, ಗುರುತಿಲ್ಲದವರ ಮನೆಗೆ ಕಳಿಸಿದ್ದು ಈ ಲೆಕ್ಕ. ಪುಸ್ತಕದಲ್ಲಿ ಅವಳು ತನ್ನ ವಯಸ್ಸನ್ನು ಹದಿನೈದಕ್ಕೆ ಇಳಿಸಿಕೊಂಡಿದ್ದಾಳೆ. ಹದಿನಾರು ತುಂಬದವರಿಗೆ ಸರ್ಟಿಫಿಕೇಟು ಕೊಡುವಂತಿಲ್ಲ, ಪರೀಕ್ಷೆ ಮಾಡಲು ಬಂದವರು ವಯಸ್ಸು ಕೇಳಲಿಲ್ಲ, ಇವಳು ಹೇಳಲೂ ಇಲ್ಲ ಎಂದು ಕತೆ. ದಾಖಲೆ ನೋಡಿದರೆ ಹದಿನಾರು ತುಂಬಿ ಹತ್ತು ತಿಂಗಳಾಗಿತ್ತು. ಬರೆಯುವಾಗ ಆಕೆಗೆ ಆ ಶಾಲೆಯೊಳಗೆ ಕಾಲಿಟ್ಟ ಹುಡುಗಿ ಅಷ್ಟು ಚಿಕ್ಕವಳಾಗಿ ಕಂಡಿರಬೇಕು.

ಆ ಶಾಲೆ ಶಾಲೆಯೇ ಆಗಿರಲಿಲ್ಲ. ಯಾರೋ ಜಮೀನು ಬಿಟ್ಟು ಹೋದಾಗ ಹಾಳುಬಿದ್ದಿದ್ದ ಹಲಗೆಯ ಗುಡಿಸಲು. ಹಲಗೆಗಳ ನಡುವೆ ಬಿರುಕು. ಒಳಗೆ ನಡುವಿನಲ್ಲಿ ಒಂದು ಕಬ್ಬಿಣದ ಒಲೆ, ಕಪ್ಪು ಬಣ್ಣ ಬಳಿದ ಹಲಗೆ, ಕೆಲವು ಬೆಂಚು. ಮಕ್ಕಳು ಐದು. ಅವರಲ್ಲಿ ದೊಡ್ಡವರು ಟೀಚರಿಗಿಂತ ಎತ್ತರ. ಗಾಳಿ ಬೀಸಿದಾಗ ಬಿರುಕಿನಿಂದ ಹಿಮ ಹುಡಿಹುಡಿಯಾಗಿ ಒಳಗೆ ಬಂದು ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಒಲೆಯ ಹತ್ತಿರ ಕೂತವರಿಗೆ ಮುಖ ಸುಡುತ್ತದೆ, ಬೆನ್ನು ಕೊರೆಯುತ್ತದೆ. ಹಿಂದಿನ ಬೆಂಚಿನವರಿಗೆ ಬೆರಳು ಮರಗಟ್ಟಿ ಬಳಪ ಹಿಡಿಯಲು ಬರುವುದಿಲ್ಲ.

ಇಲ್ಲೊಂದು ದೃಶ್ಯವಿದೆ. ಚಳಿ ಮೇರೆಮೀರಿದ ದಿನ ಲಾರಾ ಎಲ್ಲ ಮಕ್ಕಳನ್ನೂ ಒಲೆಯ ಸುತ್ತ ಬಂದು ಕೂರಲು ಹೇಳುತ್ತಾಳೆ. ಸಾಲು ತಪ್ಪಿತು, ಶಿಸ್ತು ತಪ್ಪಿತು. ಅದೇ ಹೊತ್ತಿಗೆ ಬಾಗಿಲು ತಟ್ಟಿ ಮೇಲ್ವಿಚಾರಕರು ಒಳಗೆ ಬರುತ್ತಾರೆ. ಶಾಲೆ ನೋಡಲು ಬಂದಿದ್ದಾರೆ. ಅವಳ ಎದೆ ಝಲ್ಲೆಂದಿತು. ಅವರು ಕೂತು, ಪಾಠ ಒಪ್ಪಿಸುವುದನ್ನು ಕೇಳಿದರು. ಹೊರಡುವಾಗ ಮಕ್ಕಳಿಗೆ ಏನಾದರೂ ಹೇಳಿ ಎಂದು ಇವಳು ಕೇಳಿಕೊಂಡಾಗ, ಬೇರೆ ಏನು ಮಾಡಿದರೂ ಬಿಟ್ಟರೂ ಕಾಲು ಬೆಚ್ಚಗಿಟ್ಟುಕೊಳ್ಳಿ ಎಂದಷ್ಟೇ ಹೇಳಿ ಹೋದರಂತೆ. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದು, ತನಿಖೆಗೆ ಬಂದವರ ಮುಖ ನೋಡುತ್ತ ನಿಂತವರಿಗೆ ಗೊತ್ತು, ಅಂಥ ಒಂದು ಮಾತು ಎಷ್ಟು ದಿನದ ಅನ್ನ ಎಂದು. ಈ ಪುಟಕ್ಕೆ ಬಂದಾಗಲೆಲ್ಲ ನಾನು ಪುಸ್ತಕ ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಆ ಮಕ್ಕಳಲ್ಲಿ ಒಬ್ಬ ದೊಡ್ಡ ಹುಡುಗ ಬಹಳ ಕಾಡಿದ. ಪುಸ್ತಕದಲ್ಲಿ ಅವನ ಹೆಸರು ಕ್ಲಾರೆನ್ಸ್. ಹೇಳಿದ್ದು ಕೇಳುವುದಿಲ್ಲ, ಪಾಠ ಓದುವುದಿಲ್ಲ, ಚಿಕ್ಕ ಹುಡುಗಿಯ ಜಡೆ ಎಳೆಯುತ್ತಾನೆ. ಹೊಡೆದು ಬಗ್ಗಿಸುವಷ್ಟು ಮೈಕಟ್ಟು ಟೀಚರಿಗಿಲ್ಲ. ವಾರದ ಕೊನೆಗೆ ಮನೆಗೆ ಬಂದಾಗ ಲಾರಾ ಈ ಸಂಕಟ ಹೇಳಿಕೊಂಡಳು. ಆಗ ಅಮ್ಮನೊಳಗಿದ್ದ ಹಳೆಯ ಟೀಚರ್ ಎದ್ದು ಬಂದಳು. ಅವನನ್ನು ಎದುರಿಸಬೇಡ, ಉಪಾಯದಿಂದ ನಡೆಸು; ಅವನು ಏನು ಬಯಸುತ್ತಾನೋ ಅದಕ್ಕೆ ಗಮನವನ್ನೇ ಕೊಡಬೇಡ ಎಂದಳು. ಸೋಮವಾರ ಲಾರಾ ಏನು ಮಾಡಿದಳು ಗೊತ್ತೆ? ಸಿಟ್ಟಾಗಲಿಲ್ಲ. ಇಷ್ಟು ಪಾಠ ನಿನಗೆ ಹೆಚ್ಚಾಯಿತು ಅನ್ನಿಸುತ್ತದೆ, ಸ್ವಲ್ಪ ಕಡಿಮೆ ಮಾಡೋಣ ಎಂದು ಮೃದುವಾಗಿ ಹೇಳಿದಳು. ಉಳಿದವರು ಮುಂದೆ ಹೋಗುತ್ತಿದ್ದಾರೆ, ತಾನೊಬ್ಬ ಹಿಂದೆ. ಹುಡುಗನಿಗೆ ಮುಖಭಂಗವಾಯಿತು. ಕೆಲವೇ ದಿನದಲ್ಲಿ ಅವನು ತಾನಾಗಿ ಓದಿ ಎಲ್ಲರನ್ನೂ ಹಿಡಿದ. 1850ರ ದಶಕದಲ್ಲಿ ವಿಸ್ಕಾನ್ಸಿನ್ನಿನ ಹಳ್ಳಿ ಶಾಲೆಯಲ್ಲಿ ಒಬ್ಬ ಹುಡುಗಿ ಕಲಿತ ವಿದ್ಯೆ ಹೀಗೆ 1883ರ ಡಕೋಟದ ಗುಡಿಸಲಿಗೆ ಬಂತು. ಕ್ಯಾರೊಲೈನ್ ಶಾಲೆ ಬಿಟ್ಟು ಆಗಲೇ ಇಪ್ಪತ್ತಮೂರು ವರ್ಷವಾಗಿತ್ತು.

ಹಗಲು ಹೀಗೆ ಕಳೆದರೆ ರಾತ್ರಿ ಅದಕ್ಕಿಂತ ಕಷ್ಟ. ಉಳಿದುಕೊಂಡದ್ದು ಶಾಲೆ ನಡೆಸುವವರ ಮನೆಯಲ್ಲೇ. ಆ ಮನೆಯ ಹೆಂಗಸು ಮಾತೇ ಆಡುತ್ತಿರಲಿಲ್ಲ. ಆ ಬಯಲು, ಆ ಗಾಳಿ, ಆ ಒಂಟಿತನ ಅವಳ ಮನಸ್ಸನ್ನು ಕೆಡಿಸಿತ್ತು. ಒಂದು ರಾತ್ರಿ ಕೂಗಾಟ ಕೇಳಿ ಪರದೆಯ ಸಂದಿನಿಂದ ನೋಡಿದರೆ, ಆಕೆ ಗಂಡನ ಮುಂದೆ ಮಾಂಸ ಕೊಯ್ಯುವ ಚಾಕು ಹಿಡಿದು ನಿಂತಿದ್ದಾಳೆ. ತನ್ನನ್ನು ಪೂರ್ವಕ್ಕೆ, ತವರಿನ ಕಡೆಗೆ ಕರೆದುಕೊಂಡು ಹೋಗು ಎನ್ನುತ್ತಿದ್ದಾಳೆ. ಲಾರಾಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಶಾಲೆಗೆ ಹೋಗಿ ಮಗ್ಗಿ ಕೇಳಿದಳು. ಜಮೀನು ಸಿಕ್ಕಿತು ಎಂದು ಹಿಗ್ಗಿದ ಗಂಡಸರ ಕತೆಗಳು ಬಹಳ ಇವೆ. ಆ ಜಮೀನಿನ ನಡುವಿನ ಒಂಟಿ ಮನೆಯಲ್ಲಿ ಕೂತ ಹೆಂಗಸರ ಪಾಡನ್ನು ಈ ಒಂದು ರಾತ್ರಿ ತೋರಿಸಿದಷ್ಟು ಬೇರೆ ಯಾವುದೂ ನನಗೆ ತೋರಿಸಿಲ್ಲ. ಲಾರಾ ಆ ಹೆಂಗಸಿಗೆ ಹೆದರಿದಳು. ನನಗಂತೂ ಆಕೆಯನ್ನು ನೆನೆದರೆ ಮರುಕವೇ ಬರುತ್ತದೆ.

ಪ್ರತಿ ಶುಕ್ರವಾರ ಸಂಜೆ ಅವಳನ್ನು ಮನೆಗೆ ಕರೆದೊಯ್ಯಲು ಒಬ್ಬ ಬರುತ್ತಿದ್ದ: ಅಲ್ಮಾಂಜೊ ವೈಲ್ಡರ್, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಊರ ಪಕ್ಕದ ಜಮೀನುದಾರ. ಹಿಮದ ಮೇಲೆ ಜಾರುವ, ಗಾಲಿಯಿಲ್ಲದ ಬಂಡಿ. ಪ್ರಿನ್ಸ್, ಲೇಡಿ ಎಂಬ ಎರಡು ಕುದುರೆ. ಒಂದು ಶುಕ್ರವಾರ ಸೊನ್ನೆಯ ಕೆಳಗೆ ನಲವತ್ತು ಡಿಗ್ರಿ. ಉಷ್ಣಮಾಪಕದೊಳಗೆ ಪಾದರಸವೇ ಗಟ್ಟಿಯಾಗುವ ಚಳಿ ಅದು. ಕುದುರೆಗಳ ಉಸಿರು ಅವುಗಳ ಮೂಗಿನ ಮೇಲೆಯೇ ಮಂಜುಗಡ್ಡೆಯಾಗಿ ಕಟ್ಟಿ ಉಸಿರಾಟ ನಿಲ್ಲುತ್ತಿತ್ತು. ಅಷ್ಟಷ್ಟು ದೂರಕ್ಕೆ ಅವನು ಬಂಡಿ ನಿಲ್ಲಿಸಿ, ಇಳಿದು, ಕೈಯಿಂದ ಆ ಮಂಜನ್ನು ಕಿತ್ತು ತೆಗೆದು ಮತ್ತೆ ಹತ್ತುತ್ತಿದ್ದ. 12 ಮೈಲಿ ಹೀಗೆ. ಇದನ್ನು ಪ್ರೇಮದ ಕತೆಯಾಗಿ ಓದುವವರು ಓದಲಿ, ಅದು ಹಾಗೆಯೇ ಮುಗಿಯಿತು ಕೂಡ. ಆ ಹುಡುಗಿಗೆ ಆಗ ಬೇಕಿದ್ದದ್ದು ಮಾತ್ರ ಮನೆ. ಎರಡು ರಾತ್ರಿ ಮನೆಯಲ್ಲಿ ಮಲಗುವುದಕ್ಕಾಗಿ ಅವಳು ಸಾಯುವ ಚಳಿಯಲ್ಲಿ ಹೊರಟಳು.

ಇಂಥ ಶಾಲೆಗಳು ಆ ದೇಶದ ಉದ್ದಗಲಕ್ಕೂ ಇದ್ದವು. ಒಂದು ಕೋಣೆ, ಒಬ್ಬ ಟೀಚರ್, ಆರು ವರ್ಷದವರಿಂದ ಹದಿನೆಂಟು ಇಪ್ಪತ್ತರವರೆಗೆ ಮಕ್ಕಳು. ಒಂದು ಗುಂಪು ಎದ್ದು ನಿಂತು ಪಾಠ ಒಪ್ಪಿಸುವಾಗ ಉಳಿದವರು ಸ್ಲೇಟಿನಲ್ಲಿ ಲೆಕ್ಕ ಮಾಡುತ್ತಿರುತ್ತಾರೆ. ಬಹಳ ಕಡೆ ಮಕ್ಗಫಿ ಹೆಸರಿನ ಪಾಠಮಾಲೆ ಓದುತ್ತಿದ್ದರು. ಬಿತ್ತನೆ ಕೊಯ್ಲು ಬಂದರೆ ದೊಡ್ಡ ಹುಡುಗರು ಹೊಲಕ್ಕೆ. ಅವರ ಓದು ಚಳಿಗಾಲದ್ದು ಮಾತ್ರ. ಒಲೆ ಹೊತ್ತಿಸುವುದು, ಕಸ ಗುಡಿಸುವುದು ಟೀಚರ್ ಪಾಲಿನ ಕೆಲಸ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಂಬಳ ಕೊಟ್ಟರೆ ಆಗುತ್ತಿತ್ತು; ಆ ಶತಮಾನದಲ್ಲಿ ಶಾಲೆಗಳು ಹೆಂಗಸರ ಕೈಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಮದುವೆಯಾದೊಡನೆ ಕೆಲಸ ಮುಗಿಯಿತು. ಶಾಲೆಗೆ ಹಣ ಎಲ್ಲಿಂದ ಎಂದರೆ, 1785ರಷ್ಟು ಹಿಂದೆಯೇ ಒಂದು ಏರ್ಪಾಡು ಆಗಿತ್ತು: ಜಮೀನನ್ನು ಅಳೆದು 36 ಚೌಕಗಳ ಕಟ್ಟು ಮಾಡಿ, 16ನೆಯ ಚೌಕವನ್ನು ಶಾಲೆಗೆಂದು ಮೀಸಲಿಡುವುದು. ಡಕೋಟದಲ್ಲಿ 36ನೆಯದನ್ನೂ ಅದಕ್ಕೆ ಸೇರಿಸಿದರು.

ಜನ ನೆಲೆಸುವ ಮೊದಲೇ ಶಾಲೆಗೆ ಜಾಗ ಗುರುತಿಸಿದ ಆ ದೂರದೃಷ್ಟಿಗೆ ತಲೆಬಾಗುತ್ತೇನೆ. ಆದರೆ ಜನ ನೆಲೆಸುವ ಮೊದಲು ಎಂದೆನಲ್ಲ, ಆ ಮಾತು ತಪ್ಪು. ಅಲ್ಲಿ ಜನ ಇದ್ದರು. ಲಾರಾ ಪುಟ್ಟ ಮಗುವಾಗಿದ್ದಾಗ ಅವಳ ಅಪ್ಪ ಕಾನ್ಸಸ್‌ನಲ್ಲಿ ಮನೆ ಕಟ್ಟಿದ್ದು ಒಸೇಜ್ ಜನರ ನೆಲದಲ್ಲಿ, ಕಾನೂನಿನ ಪ್ರಕಾರ ಕಾಲಿಡಬಾರದ ಜಾಗದಲ್ಲಿ. ಡಕೋಟ ಎನ್ನುವ ಹೆಸರೇ ಅಲ್ಲಿನ ಮೂಲ ಜನರದು. 1879ರಲ್ಲಿ, ಮೇರಿಯ ಕಣ್ಣು ಹೋದ ಅದೇ ವರ್ಷ, ಡಕೋಟದ ರೋಸ್‌ಬಡ್, ಪೈನ್ ರಿಡ್ಜ್ ಎಂಬ ಕಡೆಗಳಿಂದ ಲಕೋಟ ಮಕ್ಕಳನ್ನು ರೈಲು ಹತ್ತಿಸಿ, ದೂರದ ಪೆನ್ಸಿಲ್ವೇನಿಯದ ಕಾರ್ಲೈಲ್ ಎಂಬಲ್ಲಿ ಹೊಸದಾಗಿ ತೆರೆದ ವಸತಿ ಶಾಲೆಗೆ ಒಯ್ದರು. ಅಲ್ಲಿ ಅವರ ಉದ್ದ ಕೂದಲು ಕತ್ತರಿಸಿದರು, ಇಂಗ್ಲಿಷ್ ಹೆಸರಿಟ್ಟರು, ತಾಯಿಯ ಭಾಷೆ ಆಡಬಾರದೆಂದರು. ಎಷ್ಟೋ ಮಕ್ಕಳು ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಅವರ ಗೋರಿಗಳ ಸಾಲು ಈಗಲೂ ಇದೆ. ಒಂದೇ ಸೀಮೆಯಿಂದ ಒಬ್ಬಳು ತಾಯಿ ತನ್ನ ಕುರುಡು ಮಗಳನ್ನು ತಾನೇ ಕರೆದೊಯ್ದು ಶಾಲೆಗೆ ಬಿಟ್ಟಳು, ಮಗಳ ಕಾಗದಕ್ಕೆ ಕಾದಳು. ಇನ್ನೊಬ್ಬ ತಾಯಿಯ ಮಗು ಶಾಲೆಗೆ ಹೋಗಿ ತಿರುಗಿ ಬರಲಿಲ್ಲ. ಲಾರಾಳ ಪುಸ್ತಕಗಳಲ್ಲಿ ಈ ಎರಡನೆಯ ತಾಯಿ ಇಲ್ಲ. ಇರುವ ಕಡೆ ಮೂಲ ಜನರ ಬಗ್ಗೆ ಆಡಿದ ಮಾತುಗಳೂ ನೋಯಿಸುವಂಥವು. ಅಮೆರಿಕದ ಗ್ರಂಥಾಲಯ ಸಂಘ ಮಕ್ಕಳ ಸಾಹಿತ್ಯಕ್ಕೆ ಕೊಡುವ ಒಂದು ಪ್ರಶಸ್ತಿಗೆ ಆಕೆಯ ಹೆಸರಿತ್ತು. 2018ರಲ್ಲಿ ಅದನ್ನು ತೆಗೆದರು. ಆ ಕುಟುಂಬವನ್ನು ಪ್ರೀತಿಸುವ ನಾನು ಇದನ್ನು ಹೇಳದೆ ಮುಂದೆ ಹೋಗಲಾರೆ.

ಮೊದಲ ಶಾಲೆ ಮುಗಿಸಿ ಬಂದ ಲಾರಾ ಮತ್ತೆ ಊರಿನ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿ ಕೂತಳು. ಟೀಚರ್ ಆಗಿ ಬಂದು ಮತ್ತೆ ಸ್ಲೇಟು ಹಿಡಿಯುವುದು ಆಗ ಸಾಮಾನ್ಯ. 1884ರ ವಸಂತದಲ್ಲಿ ಮನೆಯ ಹತ್ತಿರದ ಇನ್ನೊಂದು ಶಾಲೆ, ತಿಂಗಳಿಗೆ 25 ಡಾಲರ್. 1885ರಲ್ಲಿ ಮೂರನೆಯದು, 30 ಡಾಲರ್. ತಾನು ಓದಿದ ಶಾಲೆಯ ಕೊನೆಯ ಪರೀಕ್ಷೆ ಮುಗಿಸಿ ಹೊರಬರುವುದು ಮಾತ್ರ ಆಗಲೇ ಇಲ್ಲ. ಆ ವರ್ಷ ಆಗಸ್ಟ್ 25ರಂದು ಅಲ್ಮಾಂಜೊ ಜೊತೆ ಮದುವೆ. ಗಂಡನ ಮಾತಿಗೆ ವಿಧೇಯಳಾಗಿರುತ್ತೇನೆ ಎಂಬ ಮಾತನ್ನು ಮದುವೆಯ ಪ್ರತಿಜ್ಞೆಯಲ್ಲಿ ತಾನು ಹೇಳುವುದಿಲ್ಲ ಎಂದು ಮೊದಲೇ ತಿಳಿಸಿದ್ದಳಂತೆ. ಅವನೂ ಒಪ್ಪಿದ, ಪಾದ್ರಿಯೂ ಒಪ್ಪಿದರು. ಮೂರು ಶಾಲೆಗಳಲ್ಲಿ ತಾನೇ ದುಡಿದು ತಂದ ಹುಡುಗಿಯ ಬಾಯಿಂದ ಬಂದ ಮಾತು ಅದು.

ಆ ಹಣ ಎಲ್ಲಿ ಹೋಯಿತು? ಪುಸ್ತಕದ ಪ್ರಕಾರ, ಎರಡನೆಯ ಶಾಲೆಯ 75 ಡಾಲರ್ ಒಂದು ಆರ್ಗನ್ ವಾದ್ಯಕ್ಕೆ ಹೋಯಿತು. ವಿಂಟನ್‌ನಲ್ಲಿ ಮೇರಿ ಸಂಗೀತ ಕಲಿಯುತ್ತಿದ್ದಾಳೆ, ರಜೆಗೆ ಮನೆಗೆ ಬಂದರೆ ನುಡಿಸಲು ಬೇಕಲ್ಲ ಎಂದು. ಅದನ್ನಿಡಲು ಅಪ್ಪ ಒಂದು ಕೋಣೆಯನ್ನೇ ಹೆಚ್ಚಾಗಿ ಕಟ್ಟಿದ. ಎಲ್ಲ ಸಿದ್ಧವಾದ ಮೇಲೆ ಮೇರಿಯ ಕಾಗದ ಬಂತು: ಗೆಳತಿಯ ಮನೆಗೆ ಹೋಗುತ್ತೇನೆ, ಈ ಸಲ ಬರುವುದಿಲ್ಲ. ಆ ಬೇಸಿಗೆಯಲ್ಲಿ ಆರ್ಗನ್ ಹೊಸ ಕೋಣೆಯಲ್ಲಿ ಸುಮ್ಮನೆ ಕೂತಿತ್ತು. ಮನೆಯವರಿಗೆ ಬೇಸರವಾಯಿತು. ನನಗೆ ಈ ಜಾಗ ಬಹಳ ಇಷ್ಟ. ಕಣ್ಣಿಲ್ಲದ ಮಗಳು ಗೆಳತಿಯ ಮನೆಗೆ ಹೋಗುವಷ್ಟು ತನ್ನ ಬದುಕು ತಾನು ಕಟ್ಟಿಕೊಂಡಿದ್ದಾಳೆ. ಇಷ್ಟಕ್ಕೇ ಅಲ್ಲವೆ ಅವರೆಲ್ಲ ಹೊಟ್ಟೆಬಟ್ಟೆ ಕಟ್ಟಿ ಅವಳನ್ನು ಕಳಿಸಿದ್ದು?

ಮೇರಿ 1889ರಲ್ಲಿ ಓದು ಮುಗಿಸಿ ಬಂದಳು. ಬ್ರೈಲ್ ಓದುತ್ತಿದ್ದಳು, ಬರೆಯುತ್ತಿದ್ದಳು, ಹೊಲಿಗೆ, ಮಣಿಯ ಕೆಲಸ ಬಲ್ಲಳು. ಮದುವೆಯಾಗಲಿಲ್ಲ, ಟೀಚರ್ ಆಗಲೂ ಇಲ್ಲ. ಡಿ ಸ್ಮೆಟ್ಟಿನ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದು, ಕುದುರೆಗಳ ಮೈಮೇಲೆ ನೊಣ ಕೂರದಂತೆ ಹೊದಿಸುವ ಬಲೆಗಳನ್ನು ಹೆಣೆದು ಮಾರಿ ಮನೆಗೆ ನೆರವಾದಳು. ಬೆರಳಿನಿಂದ ಗಂಟು ಎಣಿಸಿ ಗಂಟು ಹಾಕುವ ಕೆಲಸ. ಅದಕ್ಕೆ ಕಣ್ಣು ಬೇಡ. ಅಮ್ಮನ ಆಸೆಯನ್ನು ಮುಂದೆ ಒಯ್ದವಳು ಕೊನೆಯ ಮಗಳು ಗ್ರೇಸ್. ಮದುವೆಗೆ ಮುಂಚೆ ಅವಳೂ ಹಳ್ಳಿ ಶಾಲೆಯೊಂದರಲ್ಲಿ ಪಾಠ ಹೇಳಿದಳು. ಒಂದು ಮನೆಯಿಂದ ಮೂವರು: ತಾಯಿ, ಎರಡನೆಯ ಮಗಳು, ಕೊನೆಯ ಮಗಳು. ಮೊದಲು ಹೊರಡಬೇಕಾಗಿದ್ದವಳು ಮನೆಯಲ್ಲಿ ಬಲೆ ಹೆಣೆಯುತ್ತಿದ್ದಳು.

ಲಾರಾಳ ಸಂಸಾರದ ಮೊದಲ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಆಕೆಯೂ ಅವನ್ನು ತಾನು ಬದುಕಿರುವವರೆಗೆ ಅಚ್ಚಿಗೆ ಕೊಡಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಡಿಫ್ತೀರಿಯ, ಅದರಿಂದ ಗಂಡನ ಕಾಲಿನ ಶಕ್ತಿ ಹೋದದ್ದು, ಹೆಸರಿಡುವ ಮೊದಲೇ ತೀರಿಕೊಂಡ ಗಂಡುಮಗು, ಸುಟ್ಟುಹೋದ ಮನೆ, ಬರ. 1894ರಲ್ಲಿ ಗಂಡ, ಏಳು ವರ್ಷದ ಮಗಳು ರೋಸ್ ಜೊತೆ ಬಂಡಿ ಹೂಡಿಕೊಂಡು ಮಿಸ್ಸೂರಿಯ ಮ್ಯಾನ್ಸ್‌ಫೀಲ್ಡ್‌ಗೆ ಹೊರಟರು. ಹೊಲಿಗೆಯಿಂದ ಉಳಿಸಿದ 100 ಡಾಲರಿನ ಒಂದೇ ಒಂದು ನೋಟನ್ನು ಬರೆಯುವ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಹೋದರು. ಅದರಿಂದ ಜಮೀನು ಕೊಂಡು, ಕಲ್ಲು ಕಿತ್ತು, ಸೇಬಿನ ಗಿಡ ನೆಟ್ಟು ಕೊನೆಯವರೆಗೂ ಅಲ್ಲೇ ನಿಂತರು.

ಅಪ್ಪ 1902ರಲ್ಲಿ ಹೋದರು. ಅಮ್ಮ 1924ರಲ್ಲಿ. ಮೇರಿ 1928ರಲ್ಲಿ, ತಂಗಿ ಕ್ಯಾರಿಯ ಮನೆಯಲ್ಲಿ. ಅದಾಗಿ ಎರಡು ವರ್ಷಕ್ಕೆ, 1930ರಲ್ಲಿ, ಅರವತ್ತಮೂರರ ಲಾರಾ ತಮ್ಮ ಬಾಲ್ಯವನ್ನೆಲ್ಲ ಬರೆಯಲು ಕೂತರು. ಪತ್ರಿಕೆಗಳಿಗೆ ರೈತ ಮಹಿಳೆಯರ ಅಂಕಣ ಬರೆದು ಕೈ ಪಳಗಿತ್ತು. ತಿದ್ದಿ ರೂಪ ಕೊಡಲು ಮಗಳು ರೋಸ್ ಇದ್ದಳು. ಮೊದಲ ಪುಸ್ತಕ 1932ರಲ್ಲಿ ಬಂತು. ಆ ಶಾಲೆ, ಆ ಚಾಕು, ಆ ಹಿಮದ ಬಂಡಿ ಇರುವ ಪುಸ್ತಕ 1943ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ. ರೈಲಿನ ಆಸನದ ಬಟ್ಟೆ ಯಾವ ಬಣ್ಣದ್ದು, ಹಿಮ ಯಾವ ಬಿರುಕಿನಿಂದ ಒಳಗೆ ಬಂತು ಎಂದು ಕಣ್ಣಿಗೆ ಕಟ್ಟುವಂತೆ ಆಕೆ ಬರೆದದ್ದನ್ನು ಓದುವಾಗ ನನಗೆ ಕೇಳಿಸುವುದು, ಪಕ್ಕದಲ್ಲಿ ಕೂತ ಅಕ್ಕನಿಗೆ ಹೇಳುತ್ತಿರುವ ದನಿ. ಆ ಪುಸ್ತಕಗಳನ್ನೆಲ್ಲ ಆಕೆ ಬರೆದದ್ದು ಪೆನ್ಸಿಲಿನಲ್ಲಿ, ಶಾಲೆಯ ಮಕ್ಕಳು ಬಳಸುವ, ಗೆರೆ ಹಾಕಿದ ಅಗ್ಗದ ನೋಟ್‌ಬುಕ್ಕುಗಳಲ್ಲಿ.